ಅಂಬರಿನೊಳಗಿನ ರೆಕ್ಕೆ ಯಾವ ಊರಿನದು?

ಕೀಟ ಸೆರೆಯಾದ ಅಂಬರ್ ತುಣುಕನ್ನು ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುವ ಆಸೆ ಸ್ಕ್ರಿಪ್ಸ್ ರ್ಯಾಂಚ್‌ನ ನಮ್ಮ ಕನ್ನಡ ಕುಟುಂಬಗಳಲ್ಲೂ ಉಂಟು. ಕೊಳ್ಳುವ ಮುನ್ನ ಅದರ ಊರನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಆಸೆಯೇನೋ ಸಹಜವೇ. ಕಲ್ಲಿನಲ್ಲಿ ಅಚ್ಚಾದ ರೆಕ್ಕೆ ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತದೆ. ಮರದ ರಾಳ ಗಟ್ಟಿಯಾಗಿ ಆದ ಅಂಬರಿನಲ್ಲಾದರೋ ನಾಳ, ರೋಮ, ಮಡಿಕೆಗಳ ಸಹಿತ ಉಳಿಯಬಲ್ಲದು. 2016ರಲ್ಲಿ ಲೋಕಕ್ಕೆ ಪರಿಚಯವಾದ ಏಲಿಯನಾಪ್ಟೆರಸ್ ಎಂಬ ಕೀಟ ಸುಮಾರು 9.9 ಕೋಟಿ ವರ್ಷ ಹಳೆಯದು. ಅದರ ಮುಂದಿನ ರೆಕ್ಕೆಗಳು ಮೊಟಕು, ಹಿಂದಿನವು ವಿಶಾಲ. ಮೊದಲು ಅದಕ್ಕೆಂದೇ ಹೊಸ ಗಣವೊಂದನ್ನು ರಚಿಸಿದರು. ಅನಂತರ ಜಿರಲೆಗಳ ಬಳಗಕ್ಕೆ ಸೇರಿಸಿದರು. (ನಮ್ಮ ಅಡುಗೆಮನೆಯ ಅತಿಥಿಗೆ ಎಂಥ ಕುಲಬಾಂಧವ!)

ಆ ಅಂಬರ್ ಬಂದದ್ದು ಬರ್ಮಾದ ಕಾಚಿನ್ ಪ್ರಾಂತ್ಯದಿಂದ. ಅಲ್ಲಿ ಸೇನೆಗೂ ಕಾಚಿನ್ ಹೋರಾಟಗಾರರಿಗೂ ದಶಕಗಳಿಂದ ಕಾಳಗ. 2017ರಲ್ಲಿ ಸೇನೆ ಅಂಬರ್ ಗಣಿಗಳ ಪ್ರದೇಶಕ್ಕೆ ನುಗ್ಗಿತು. ಸಾವಿರಾರು ಜನ ಮನೆ ತೊರೆದರು. ಆ ವರ್ಷದ ಅನಂತರ ಬರ್ಮಾದಿಂದ ಕೊಂಡ ಪಳೆಯುಳಿಕೆಗಳ ಕುರಿತ ಲೇಖನಗಳನ್ನು ಪ್ರಕಟಿಸಬೇಡಿರೆಂದು ಸೊಸೈಟಿ ಆಫ್ ವರ್ಟಿಬ್ರೇಟ್ ಪೇಲಿಯಂಟಾಲಜಿ 2020ರಲ್ಲಿ ವಿಜ್ಞಾನ ಪತ್ರಿಕೆಗಳನ್ನು ಕೋರಿತು. ಇದರಿಂದ ವಿದ್ಯೆಗೆ ನಷ್ಟವೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ನಷ್ಟ ನಿಜ. ಆದರೆ ಸಮ್ಮತಿಯಿಲ್ಲದೆ ಪಡೆದ ಅಂಗಾಂಶ ಎಷ್ಟೇ ಅಪೂರ್ವವಾದರೂ ವೈದ್ಯರಾದ ನಮಗೆ ಸಲ್ಲದು; ಅಂಬರಿಗೆ ಬೇರೆ ನ್ಯಾಯವೇಕೆ?

ಮೂಲ ಹೇಳಲಾರದ ವ್ಯಾಪಾರಿಯಿಂದ ಕೊಳ್ಳುವುದು ಬೇಡ. ಮಕ್ಕಳನ್ನು ಲಾಸ್ ಏಂಜಲೀಸಿನ ಲಾ ಬ್ರಿಯಾ ಡಾಂಬರು ಹೊಂಡಗಳಿಗೆ ಕರೆದೊಯ್ಯೋಣ. ಅಲ್ಲಿ ಸಿಕ್ಕಿದ್ದು ಹಿಮಯುಗದ ಆನೆಗಳಷ್ಟೇ ಅಲ್ಲ, ಜೀರುಂಡೆಗಳ ರೆಕ್ಕೆಕವಚಗಳೂ ಉಂಟು. ಅಗೆದ ನೆಲದ ಪಕ್ಕದಲ್ಲೇ ವಸ್ತುಸಂಗ್ರಹಾಲಯವಿದೆ.