ಮೊಬೈಲಿನೊಳಗಿನ ಕಿರೀಟವನ್ನು ಮಕ್ಕಳೇ ಕಟ್ಟಲಿ

ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎ.ಆರ್. ಈ ಮಾತು ಈಗ ಶಾಲೆಗಳಿಗೂ ಬಂದಿದೆ. ಕಾಗದದ ಮೇಲಿನ ಚಿತ್ರಕ್ಕೆ ಮೊಬೈಲ್ ಕ್ಯಾಮರಾ ಹಿಡಿದರೆ ಸಾಕು, ಪರದೆಯಲ್ಲಿ ಆ ಕಾಗದದ ಮೇಲೆಯೇ ಡೈನೋಸಾರ್ ಎದ್ದು ನಿಲ್ಲುತ್ತದೆ. ಮಕ್ಕಳು "ಓ!" ಎನ್ನುತ್ತಾರೆ. ಆದರೆ ಈ "ಓ" ಎಷ್ಟು ದಿನ? ಮೂರನೇ ಸಲ ತೋರಿಸುವಾಗ ಹಿಂದಿನ ಬೆಂಚಿನವರ ಕಣ್ಣು ಕಿಟಕಿಯ ಹೊರಗಿರುತ್ತದೆ.

ಸಿದ್ಧ ಆ್ಯಪ್‌ಗಳನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ಶಾಲೆಗಳಿಗಾಗಿಯೇ ಇದ್ದ ಗೂಗಲ್ ಎಕ್ಸ್‌ಪೆಡಿಶನ್ಸ್ 2021ರಲ್ಲಿ ನಿಂತೇ ಹೋಯಿತು. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಎ.ಆರ್. ಅನ್ನು ಮಕ್ಕಳಿಗೆ ತೋರಿಸಿದರೆ ಸಾಲದು, ಅವರಿಂದಲೇ ಮಾಡಿಸಬೇಕು. ಅದೂ ಕನ್ನಡದಲ್ಲಿ, ನಮ್ಮೂರಿನ ವಸ್ತುಗಳಿಂದ.

ಕಾಸರಗೋಡಿನಲ್ಲಿ ವಸ್ತುಗಳಿಗೇನು ಬರವೇ? ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಇದೆ. ತೆಂಕುತಿಟ್ಟಿನ ಒಂದು ಕಿರೀಟವೇ ದೊಡ್ಡ ವಿನ್ಯಾಸ ಪಾಠ. ರಾತ್ರಿಯಿಡೀ ಹೊರುವಷ್ಟು ಹಗುರವಾಗಿರಬೇಕು, ದೂರ ಕೂತವರಿಗೂ ಕಾಣಬೇಕು, ರಾಜನೋ ರಾಕ್ಷಸನೋ ಎಂಬುದು ನೋಡಿದೊಡನೆ ತಿಳಿಯಬೇಕು. ಎಂಟನೇ ಕ್ಲಾಸಿನ ಹುಡುಗಿ ಅದನ್ನು ಮೊದಲು ಕಾಗದದಲ್ಲಿ ಬಿಡಿಸಲಿ, ಅಳತೆ ಹಾಕಲಿ, ಆಮೇಲೆ ಬ್ಲೆಂಡರ್‌ನಲ್ಲಿ ಕಟ್ಟಲಿ. ಎ.ಆರ್. ಮೂಲಕ ಮೇಜಿನ ಮೇಲೆ ನಿಲ್ಲಿಸಿ ಸುತ್ತ ನಡೆದು ನೋಡಿದಾಗ, ಕಿರೀಟದ ಹಿಂಬದಿಯನ್ನು ಮಾಡಿಯೇ ಇಲ್ಲವೆಂದು ಅವಳಿಗೇ ಗೊತ್ತಾಗುತ್ತದೆ. ಯಾವ ಟೀಚರೂ ಹೇಳಬೇಕಾಗಿಲ್ಲ. ತಿದ್ದಬೇಕೆಂಬ ಹಟ ಅಲ್ಲಿಂದಲೇ ಹುಟ್ಟುತ್ತದೆ. ಉತ್ಸಾಹ ಎಂದು ನಾವು ಕರೆಯುವುದು ಇದನ್ನೇ.

ಕ್ಯಾಮರಾ ಗುರುತಿಸಬೇಕಾದ ಮಾರ್ಕರ್ ಚಿತ್ರದಲ್ಲೂ ಪಾಠವಿದೆ. ಬ್ರೌಸರಿನಲ್ಲೇ ನಡೆಯುವ ಉಚಿತ ಎ.ಆರ್.ಜೆಎಸ್‌ನಲ್ಲಿ ಕಪ್ಪು ಚೌಕದೊಳಗೆ ನಮ್ಮದೇ ಚಿತ್ರ ಇಡಬಹುದು. ಮಕ್ಕಳು ಅಲ್ಲಿ ರಂಗೋಲಿ ಬಿಡಿಸಿದರೆ ಕೆಲಸ ಕೆಡುತ್ತದೆ. ನಾಲ್ಕೂ ಕಡೆಯಿಂದ ಒಂದೇ ತರಹ ಕಾಣುವ ರಂಗೋಲಿಯಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಫೋನಿಗೆ ತಿಳಿಯುವುದಿಲ್ಲ. ಒಂದು ಮೂಲೆಯ ಎಸಳು ಬದಲಿಸಬೇಕು. ತೀರಾ ಸಣ್ಣ ಕುಸುರಿಯೂ ಆಗದು. ಸಾಮಾನ್ಯವಾಗಿ ಅದು ಆ ಚಿತ್ರವನ್ನು 16 ಅಡ್ಡ, 16 ಉದ್ದದ ಮನೆಗಳಾಗಿ ಮಾತ್ರ ನೋಡುತ್ತದೆ. ಗಣಿತದ ಸಮ್ಮಿತಿಯ ಪಾಠ ಇದಕ್ಕಿಂತ ಚೆನ್ನಾಗಿ ತಲೆಗೆ ಹೋಗುವುದುಂಟೇ?

ಇನ್ನು ಕನ್ನಡ. ಕೆಲವು ತಂತ್ರಾಂಶಗಳಲ್ಲಿ ನಮ್ಮ ಒತ್ತಕ್ಷರಗಳು ಒಡೆದು ಚೂರಾಗುತ್ತವೆ. ಆಗ "ಇಂಗ್ಲಿಷಿನಲ್ಲೇ ಬರೆದುಬಿಡು" ಎನ್ನುವುದು ಸುಲಭ. ಹಾಗೆ ಮಾಡಬಾರದು. ಇಂಕ್‌ಸ್ಕೇಪ್‌ನಲ್ಲಿ ಕನ್ನಡದ ಹೆಸರು ಬರೆದು, ಅದನ್ನು ರೇಖೆಯಾಗಿ ಬದಲಿಸಿ, ಎಸ್‌ವಿಜಿ ಕಡತವಾಗಿ ಬ್ಲೆಂಡರ್‌ಗೆ ತಂದರೆ ಅಕ್ಷರ ಕೆಡುವುದಿಲ್ಲ. ಎರಡೂ ಉಚಿತ ತಂತ್ರಾಂಶಗಳೇ.

"ಫೋನ್ ಎಲ್ಲಿದೆ? ಪೋರ್ಶನ್ ಯಾವಾಗ ಮುಗಿಸುವುದು?" ಎಂದು ಸಹೋದ್ಯೋಗಿಗಳು ಕೇಳುವುದು ನ್ಯಾಯವೇ. ಆರು ಮಕ್ಕಳ ಗುಂಪಿಗೆ ಒಂದು ಫೋನ್ ಸಾಕು. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಕೂಟಗಳಿವೆ. ಅವುಗಳ ಹೊತ್ತಿನಲ್ಲೇ ವರ್ಷಕ್ಕೊಂದು ಕೆಲಸ ಮಾಡಿದರಾಯಿತು. ಇದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕು ಏರುತ್ತದೆ ಎಂದು ನಾವು ಹೇಳುವುದಿಲ್ಲ.

ಹೇಳುವುದು ಬೇರೆ. "ಹೊಸತೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ, ಕನ್ನಡದಲ್ಲೇನಿದೆ?" ಎಂದು ಹೆತ್ತವರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಹುದ್ದೆ ಹೋಗುತ್ತದೆ. ಆ ಅಪ್ಪ ಅಮ್ಮನಿಗೆ ಭಾಷಾಭಿಮಾನದ ಭಾಷಣ ಸಾಕಾಗಿದೆ. ವಾರ್ಷಿಕೋತ್ಸವದ ದಿನ ಮಗಳೇ ತಮ್ಮ ಫೋನಿನಲ್ಲಿ ತಾನು ಕಟ್ಟಿದ ಕಿರೀಟ ತೋರಿಸಿ, ಅದರ ಭಾಗಗಳನ್ನು ಕನ್ನಡದಲ್ಲಿ ವಿವರಿಸಲಿ. ಮಾತು ಬದಲಾದೀತು.

ಒಂದು ಶಾಲೆ ಕಿರೀಟ ಮಾಡಲಿ, ಇನ್ನೊಂದು ಬೇಕಲ ಕೋಟೆಯ ಬುರುಜು ಮಾಡಲಿ, ಪರಸ್ಪರ ಹಂಚಿಕೊಳ್ಳೋಣ. ಏನಂತೀರಿ?