ಬೇರು ಯಾರದು?

ನೆಲೆ ತಪ್ಪಿದ ಜನ ಒಂದು ಜನಾಂಗವಾಗಿ ಉಳಿಯುವುದು ಹೇಗೆ? ಯೆಹೂದ್ಯರ ಚರಿತ್ರೆ ಇದಕ್ಕೊಂದು ಉತ್ತರ. ಕ್ರಿ. ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಅನಂತರ ಅನೇಕ ದೇಶಗಳಲ್ಲಿ ಚದರಿ, ಅನೇಕ ಭಾಷೆಗಳನ್ನಾಡಿದ ಈ ಜನರನ್ನು ಧರ್ಮಗ್ರಂಥ, ಶನಿವಾರದ ವಿಶ್ರಾಂತಿ, ಪಸ್ಕಹಬ್ಬದ ಊಟ ಇವೇ ಒಂದಾಗಿ ಹಿಡಿದಿಟ್ಟವು. ಆ ಊಟಕ್ಕೆ ಮುನ್ನ ಮನೆಯ ಕಿರಿಯ ಮಗು ಪ್ರಶ್ನೆ ಕೇಳುತ್ತದೆ. ಹಿರಿಯರು ಈಜಿಪ್ತಿನ ದಾಸ್ಯದಿಂದ ಪೂರ್ವಿಕರು ಬಿಡುಗಡೆ ಹೊಂದಿದ ಕಥೆಯನ್ನು ಹೇಳುತ್ತಾರೆ.

ಕೊಂಕಣದ ಬೆನೆ ಇಸ್ರೇಲರು ಇದೇ ಬಳ್ಳಿಯ ಕುಡಿ. ಮನೆಮಾತು ಮರಾಠಿ, ಕಸುಬು ಎಣ್ಣೆಯ ಗಾಣ. ಶನಿವಾರ ಗಾಣ ತಿರುಗಿಸದ ಇವರನ್ನು ನೆರೆಯವರು ‘ಶನಿವಾರ ತೇಲಿ’ ಎಂದರು. 1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿದ ಮೇಲೆ ಅನೇಕರು ಅಲ್ಲಿಗೆ ಹೋದರು. ಆದರೆ ಅಲ್ಲಿಯ ಧರ್ಮಾಧಿಕಾರಿಗಳು ಇವರ ಕುಲವನ್ನು ಸಂಶಯಿಸಿ ಮದುವೆಗೆ ಅಡ್ಡಿ ತಂದರು. ಇವರು ಪ್ರತಿಭಟಿಸಿದರು. ಕೊನೆಗೆ 1964ರಲ್ಲಿ, ಇವರೂ ಎಲ್ಲ ರೀತಿಯಿಂದ ಯೆಹೂದ್ಯರೇ ಎಂದು ಅಲ್ಲಿಯ ಸಂಸತ್ತು ಸಾರಬೇಕಾಯಿತು. ಬೇರು ಜನರನ್ನು ಕೂಡಿಸುತ್ತದೆ, ನಿಜ. ‘ನಿನ್ನ ಬೇರು ಶುದ್ಧವೇ?’ ಎಂದು ಕೇಳತೊಡಗಿದೊಡನೆ ಅದೇ ಬೇರು ಒಡೆಯುತ್ತದೆ.

ಈ ಮಾತು ನಮಗೂ ಅನ್ವಯಿಸುತ್ತದೆ. ಕನ್ನಡಿಗರು ಸ್ವಂತ ನೆಲದಲ್ಲಿದ್ದೇ ಚದರಿದ್ದವರು. ನಮ್ಮ ಸೀಮೆ ಮುಂಬಯಿ ಪ್ರಾಂತದಲ್ಲಿ, ಬಳ್ಳಾರಿ ಮದ್ರಾಸಿನಲ್ಲಿ, ರಾಯಚೂರು ನಿಜಾಮನ ರಾಜ್ಯದಲ್ಲಿ ಇದ್ದುವು. 1917ರಲ್ಲಿ ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ಮರೆತ ಮನೆತನದ ನೆನಪನ್ನು ತಂದುಕೊಟ್ಟರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಅದಕ್ಕಾಗಿ ದುಡಿದ ಗುದ್ಲೆಪ್ಪ ಹಳ್ಳಿಕೇರಿಯವರು ನಮ್ಮ ಹೊಸರಿತ್ತಿಯವರು.

ಇದೇ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು, ಬ್ರಿಟಿಷ್ ಸರಕಾರದ ಕಂದಾಯದ ಹಣವಿದ್ದ ಠಾಣ್ಯದ ಮೇಲೆ ದಾಳಿ ಮಾಡಿದಾಗ ಮೂವರು ಗುಂಡಿಗೆ ಬಲಿಯಾದರು: ಮೋಟೆಬೆನ್ನೂರಿನ ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಒಂದು ಹೆಸರು ಮಡಿವಾಳರದು, ಇನ್ನೊಂದು ಮಠದ್ದು. ಗುಂಡು ಹೆಸರು ಕೇಳಲಿಲ್ಲ. ಅವರೂ ಪರಸ್ಪರ ಕೇಳಲಿಲ್ಲ.

ಈಗ ಕೇಳುವವರು ನಾವು. ಬಾಡದ ಕನಕದಾಸರು ಒಂದು ಜಾತಿಯ ಮೆರವಣಿಗೆಗೆ, ಬಸವಣ್ಣನವರು ಇನ್ನೊಂದರ ಮೆರವಣಿಗೆಗೆ ಎಂಬಂತಾಗಿದೆ. ಜಯಂತಿಯ ದಿನ ಕಾಲೇಜಿನ ಸಭಾಂಗಣದಲ್ಲಿ ಯಾವ ಬೆಂಚಿನಲ್ಲಿ ಯಾರು ಕುಳಿತಿದ್ದಾರೆಂಬುದನ್ನು ನೋಡಿದರೆ ಸಾಕು. ಬೇರಿಗೆ ಮರಳುತ್ತೇವೆಂದು ಹೊರಟು ಒಂದೊಂದು ಎಳೆಯನ್ನು ಹರಿದುಕೊಂಡು ಹೋಗುತ್ತಿದ್ದೇವೆ. ಶಿಶುನಾಳದ ಷರೀಫರು ಗೋವಿಂದ ಭಟ್ಟರ ಶಿಷ್ಯರಾದ ನಾಡಿದು. ಇಲ್ಲಿ ಗುರುವಿನ ಬೇರು ಯಾರದು, ಶಿಷ್ಯನದು ಯಾರದು?

ಜಯಂತಿಗಳು ಬೇಡವೆಂದು ನಾನು ಹೇಳುವುದಿಲ್ಲ. ಪಸ್ಕಹಬ್ಬದ ಮಗುವಿನಂತೆ ನಾವೂ ವರ್ಷಕ್ಕೊಮ್ಮೆ ಹಿರಿಯರ ಕಥೆ ಕೇಳಲೇಬೇಕು. ನನ್ನ ಸಲಹೆ ಇಷ್ಟೇ: ಬರುವ ವರ್ಷ ಕನಕದಾಸರನ್ನು ಕುರಿತು ಕುರುಬರಲ್ಲದ ಗೆಳೆಯನೊಬ್ಬ, ಬಸವಣ್ಣನವರನ್ನು ಕುರಿತು ಮುಸಲ್ಮಾನ ಗೆಳತಿಯೊಬ್ಬಳು ಮಾತನಾಡಲಿ. ಏಪ್ರಿಲ್ 1ರಂದು ನಾವೆಲ್ಲ ಕೂಡಿಯೇ ಮೂವರ ಹೆಸರನ್ನೂ ಹೇಳೋಣ. ‘ಇದು ನನ್ನದು’ ಎನ್ನುವ ಅಧಿಕಾರ ‘ಇದು ನಿನ್ನದೂ ಹೌದು’ ಎನ್ನಬಲ್ಲವನಿಗೆ ಮಾತ್ರ ಸಲ್ಲುತ್ತದೆ.