ಗೂಗಲ್‌ಗೆ ಬೈದದ್ದಾಯಿತು, ಈಗ ನಿಮ್ಮ ಪುಸ್ತಕ ಎಲ್ಲಿದೆ ಹುಡುಕಿ!

2021ರ ಜೂನ್ 3ನೇ ತಾರೀಖು ನೆನಪಿದೆಯೇ? ಭಾರತದ ಅತಿ ಕುರೂಪಿ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ‘ಕನ್ನಡ’ ಎಂದು ಉತ್ತರ ಕೊಟ್ಟ ದಿನ ಅದು. ನಾಡಿಗೆ ನಾಡೇ ಕೆರಳಿತು. ಸಚಿವರು ಕಾನೂನು ಕ್ರಮದ ಮಾತಾಡಿದರು. ಪಕ್ಷಭೇದ ಮರೆತು ನಾಯಕರು ಗುಡುಗಿದರು. ಗೂಗಲ್ ಆ ಉತ್ತರವನ್ನು ಕಿತ್ತುಹಾಕಿ ಕ್ಷಮೆ ಕೇಳಿತು. ಗೆದ್ದೆವು ಎಂದುಕೊಂಡು ನಾವು ಹೋಗಿ ಮಲಗಿದೆವು!

ಆ ಹೊಲಸು ಉತ್ತರ ಬಂದದ್ದಾದರೂ ಎಲ್ಲಿಂದ ಎಂದು ನಿಮ್ಮಲ್ಲಿ ಎಷ್ಟು ಜನ ಕೇಳಿದಿರಿ? ಗೂಗಲ್ ಕಚೇರಿಯಲ್ಲಿ ಯಾವನೋ ಕನ್ನಡದ್ವೇಷಿ ಕೂತು ಟೈಪ್ ಮಾಡಿದ್ದಲ್ಲ. ಹೆಸರೇ ಕೇಳದ ಒಂದು ಜಾಲತಾಣ ಆ ಪ್ರಶ್ನೆಯನ್ನು ಬರೆದು, ಕೆಳಗೆ ಒಂದೆರಡು ಸಾಲಿನ ಉತ್ತರ ಇಟ್ಟಿತ್ತು. ಯಂತ್ರಕ್ಕೆ ನೀತಿ ಇಲ್ಲ, ನಾಚಿಕೆ ಇಲ್ಲ. ಪ್ರಶ್ನೆಗೆ ತಕ್ಕಂತೆ ಜೋಡಿಸಿಟ್ಟ ಅಕ್ಷರ ಕಂಡಿತು, ಎತ್ತಿ ಎಲ್ಲಕ್ಕಿಂತ ಮೇಲೆ ಕೂರಿಸಿತು. ಹೀಗೆ ಹುಡುಕುವವರ ಕಣ್ಣಿಗೆ ಮೊದಲು ಬೀಳುವಂತೆ ಬರಹ ಹೊಂದಿಸುವ ಕಸುಬಿಗೆ ಎಸ್‌ಇಒ ಎನ್ನುತ್ತಾರೆ. ನಮ್ಮ ಭಾಷೆಗೆ ಮಸಿ ಬಳಿಯುವವನಿಗೆ ಒದಗಿಬಂದ ಈ ವಿದ್ಯೆ ನಮ್ಮ ಸಾಹಿತಿಗಳಿಗೆ ಮಾತ್ರ ಬೇಡವಾಗಿದೆ!

ನಂಬಿಕೆ ಇಲ್ಲವೇ? ಕೈಯಲ್ಲಿರುವ ಮೊಬೈಲ್ ತೆಗೆಯಿರಿ. ನಿಮ್ಮ ತಾಲ್ಲೂಕಿನ ಒಬ್ಬ ಕತೆಗಾರ, ಒಬ್ಬ ಕವಯಿತ್ರಿಯ ಹೆಸರನ್ನು ಕನ್ನಡ ಅಕ್ಷರದಲ್ಲೇ ಹೊಡೆದು ಹುಡುಕಿ. ಹೋದ ವರ್ಷ ತಾನೇ ಅವರ ಪುಸ್ತಕ ಬಿಡುಗಡೆಯಾಗಿರುತ್ತದೆ, ನೀವೇ ಹೋಗಿ ಉಪ್ಪಿಟ್ಟು ಕಾಫಿ ಮುಗಿಸಿ ಬಂದಿರುತ್ತೀರಿ. ಆ ಪುಸ್ತಕ ಎಲ್ಲಿ ಸಿಗುತ್ತದೆ, ಎಷ್ಟು ಪುಟ, ಏನು ಬೆಲೆ, ಒಳಗೇನಿದೆ ಎಂದು ಹೇಳುವ ಒಂದೇ ಒಂದು ಪುಟ ಸಿಕ್ಕರೆ ನಿಮ್ಮ ಪುಣ್ಯ.

ಯಾಕೆ ಸಿಗುವುದಿಲ್ಲ? ನಾವು ಪುಸ್ತಕದ ಸುದ್ದಿಯನ್ನು ಸಾರುವ ರೀತಿ ನೋಡಿ. ಬಣ್ಣಬಣ್ಣದ ಆಹ್ವಾನ ಪತ್ರಿಕೆ, ಅದರಲ್ಲಿ ಹದಿನೈದು ಗಣ್ಯರ ಫೋಟೊ, ಅದನ್ನು ಚಿತ್ರ ಮಾಡಿ ವಾಟ್ಸಾಪ್ ಗುಂಪುಗಳಿಗೆ ತಳ್ಳುವುದು. ಸಂಜೆಯ ಹೊತ್ತಿಗೆ ಅದು ಗುಡ್ ಮಾರ್ನಿಂಗ್ ಹೂಗಳ ಅಡಿಯಲ್ಲಿ ಸಮಾಧಿ. ವಾಟ್ಸಾಪ್ ಗುಂಪಿನೊಳಗೆ ಗೂಗಲ್ ಕಾಲಿಡುವುದಿಲ್ಲ. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಬಿಡಿ ಅಕ್ಷರದಷ್ಟು ಸಲೀಸಾಗಿ ಓದುವುದೂ ಇಲ್ಲ. ಐದು ವರ್ಷ ಕೂತು ಬರೆದ ಕಾದಂಬರಿಗೆ ಅರ್ಧ ದಿನದ ಪ್ರಚಾರ!

ಇನ್ನೊಂದು ಅನ್ಯಾಯ ಡಿಟಿಪಿ ಅಂಗಡಿಗಳಲ್ಲಿ ದಿನವೂ ನಡೆಯುತ್ತಿದೆ. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಮ್ಮ ಕಾಲದಲ್ಲಿ ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆತವನು ಕೃತಘ್ನ. ಆದರೆ ಆಗಿನ ಹಳೆಯ ಫಾಂಟ್ ಪದ್ಧತಿಯಲ್ಲಿ ಕಣ್ಣಿಗೆ ಮಾತ್ರ ಕನ್ನಡ. ಪರದೆಯ ಮೇಲೆ ‘ಕ’ ಕಾಣುತ್ತದೆ, ಒಳಗೆ ಕೂತಿರುವುದು ಇಂಗ್ಲಿಷಿನ ‘ಪಿ’ ಮತ್ತು ಅದರ ಪಕ್ಕದಲ್ಲಿ ತಲೆಗೀಟು ಹಾಕಿಕೊಂಡ ಒಂದು ‘ಎ’! ಯಂತ್ರ ಓದುವುದು ಒಳಗಿರುವುದನ್ನು. ಅಂಥ ಪಿಡಿಎಫ್ ಜಾಲಕ್ಕೆ ಹಾಕಿದರೆ ಗೂಗಲ್ ಪಾಲಿಗೆ ಅದು ಅರ್ಥವಿಲ್ಲದ ರಾಶಿ. ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ನಮಗೆ 1991ರಿಂದಲೇ ಸ್ಥಾನವಿದೆ. ಆದರೂ 2001ರಲ್ಲಿ ಬಂದ ಪೇಜ್‌ಮೇಕರ್ 7ರಲ್ಲೇ ಪುಟ ಕಟ್ಟುವ ಅಂಗಡಿಗಳು ಇವತ್ತಿಗೂ ಇವೆ. ಹಳೆಯ ಫಾಂಟನ್ನು ಯುನಿಕೋಡ್‌ಗೆ ತಿರುಗಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಯಾರಿಗೆ ಬೇಕು?

ಪ್ರಕಾಶಕರಿಗೂ ಬೇಡ. ಅದರ ಗುಟ್ಟು ನಿಮಗೂ ಗೊತ್ತು, ನಾನು ಬಿಡಿಸಿ ಹೇಳಿಬಿಡುತ್ತೇನೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಅಚ್ಚು ಹಾಕುವವನಿಗೆ ಓದುಗ ಹುಡುಕಿದರೇನು, ಬಿಟ್ಟರೇನು? ಬಿಲ್ ಪಾಸಾದರೆ ಸಾಕು. ಎಲ್ಲರೂ ಹಾಗಲ್ಲ, ತಮ್ಮ ಪ್ರತಿ ಪುಸ್ತಕಕ್ಕೂ ಕನ್ನಡದಲ್ಲೇ ಪುಟ ಮಾಡಿ ಮಾರುವವರಿದ್ದಾರೆ, ಅವರಿಗೆ ನಮಸ್ಕಾರ. ಮಿಕ್ಕವರು ಓದುಗ ಎಂಬ ಪ್ರಾಣಿಯನ್ನೇ ಮರೆತಿದ್ದಾರೆ.

ಇಂಥ ಕಡೆ ವಂಚಕರು ಬಾರದೆ ಇರುತ್ತಾರೆಯೇ? ಲೇಖಕರಿಗೆ ಫೋನ್ ಮಾಡುತ್ತಾರೆ: ಸಾರ್, ಇಷ್ಟು ಸಾವಿರ ಕೊಡಿ, ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಮೊದಲನೇ ಸ್ಥಾನಕ್ಕೆ ತರುತ್ತೇವೆ. ನಿವೃತ್ತ ಮೇಷ್ಟ್ರು ಪಿಂಚಣಿ ದುಡ್ಡು ಕೊಟ್ಟುಬಿಡುತ್ತಾರೆ. ಮೊದಲನೇ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದು ಪ್ರಕಟಿಸಿದೆ! ಖಾತರಿ ಕೊಡುವವನು ಬಂದರೆ ಬಾಗಿಲಲ್ಲೇ ನಿಲ್ಲಿಸಿ.

ಬಿಡಿ ಬರಹ, ಅನುವಾದ ಮಾಡಿ ಹೊಟ್ಟೆ ಹೊರೆಯುವ ನಮ್ಮ ಹುಡುಗ ಹುಡುಗಿಯರ ಪಾಡು ಇನ್ನೂ ಕಷ್ಟ. ಪದಕ್ಕೆ ಇಷ್ಟು ಪೈಸೆ ಎಂದು ಕೂಲಿ. ಅದರ ಮೇಲೆ ಬೆಂಗಳೂರಿನ ಕಂಪನಿಯ ಅಪ್ಪಣೆ: ಈ ಇಂಗ್ಲಿಷ್ ಪದ ಹತ್ತು ಸಲ ಬರಬೇಕು, ಶೀರ್ಷಿಕೆಯಲ್ಲಿ ‘ಇಲ್ಲಿದೆ ಸಂಪೂರ್ಣ ಮಾಹಿತಿ’ ಇರಲೇಬೇಕು. ನನಗೂ ಒಬ್ಬ ಮಹಾಶಯರು ಹೀಗೆ ಪಟ್ಟಿ ಕೊಟ್ಟಿದ್ದರು. ಹಿತ್ತಲ ಗಿಡದ ಮೇಲಿನ ಲೇಖನದಲ್ಲಿ ‘ಅಡುಗೆಮನೆ’ ಬೇಡ, ‘ಕಿಚನ್’ ಹಾಕಿ ಎಂದರು. ದುಡ್ಡೂ ಬರಲಿಲ್ಲ, ಅದು ಬೇರೆ ಮಾತು. ಒಂದೇ ಪದವನ್ನು ಸಿಕ್ಕಸಿಕ್ಕಲ್ಲಿ ತುರುಕುವುದನ್ನು ಕಳ್ಳಾಟ ಎಂದು ಗೂಗಲ್ಲೇ ತನ್ನ ನಿಯಮದಲ್ಲಿ ಬರೆದಿದೆ. ಅಂದರೆ ಈ ಕಂಪನಿಗಳು ಕನ್ನಡವನ್ನೂ ಕೆಡಿಸಿದವು, ಕಸುಬನ್ನೂ ಕಲಿಯಲಿಲ್ಲ.

ದೊಡ್ಡ ಕಂಪನಿಗಳದ್ದು ತಪ್ಪಿಲ್ಲವೇ? ಇದೆ, ಧಾರಾಳವಾಗಿ ಇದೆ. 2016ರ ಕೊನೆಯಲ್ಲಿ ಅಮೆಜಾನ್ ತನ್ನ ಕಿಂಡಲ್‌ನಲ್ಲಿ ಲೇಖಕರೇ ಇ-ಪುಸ್ತಕ ಪ್ರಕಟಿಸುವ ಸೌಲಭ್ಯವನ್ನು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳಿಗೆ ಕೊಟ್ಟಿತು. ಕನ್ನಡಕ್ಕೆ ಬಾಗಿಲು ಮುಚ್ಚಿತು. ತಾಣದಲ್ಲಿ ಜಾಹೀರಾತು ಹಾಕಿ ಬರಹಗಾರನಿಗೆ ನಾಲ್ಕು ಕಾಸು ಕೊಡುವ ಗೂಗಲ್‌ನ ಆಡ್‌ಸೆನ್ಸ್ ಹಿಂದಿಯನ್ನು 2014ರಲ್ಲೇ ಒಪ್ಪಿಕೊಂಡಿತು, ತಮಿಳನ್ನು 2018ರಲ್ಲಿ. ನಮ್ಮ ಸರದಿ ಅದಾದ ಮೇಲೆ. ಕೋಟಿಗಟ್ಟಲೆ ಜನ ಆಡುವ ಭಾಷೆಗೆ ಈ ಮರ್ಯಾದೆ! ಕುರೂಪಿ ಎಂದದ್ದಕ್ಕೆ ಒಂದೇ ದಿನದಲ್ಲಿ ಕ್ಷಮೆ ಕೇಳಿಸಿದವರು, ನಮ್ಮ ಲೇಖಕರ ಅನ್ನಕ್ಕೆ ಅಡ್ಡಬಂದ ಈ ತಾರತಮ್ಯದ ವಿರುದ್ಧ ಎಷ್ಟು ದಿನ ಬೀದಿಗಿಳಿದೆವು? ಅವಮಾನಕ್ಕೆ ಸಿಟ್ಟು ಬರುತ್ತದೆ, ಹಸಿವಿಗೆ ಯಾಕೆ ಬರುವುದಿಲ್ಲ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಆಯ್ದ 12 ಅದರಲ್ಲಿವೆ. ಜಗತ್ತಿನ ಓದುಗರು ಕನ್ನಡದ ಹೆಸರು ಕೇಳಿ ತಿರುಗಿ ನೋಡಿದರು. ಹಾಗೆ ನೋಡಿದವನಿಗೆ ಕನ್ನಡದ ಇನ್ನೊಬ್ಬ ಕತೆಗಾರ್ತಿಯನ್ನು ತೋರಿಸಲು ನಾವು ಎಷ್ಟು ಪುಟ ಬರೆದಿಟ್ಟಿದ್ದೆವು? ಬೂಕರ್ ಎಲ್ಲರ ಮನೆಗೂ ಬರುವುದಿಲ್ಲ. ಉಳಿದವರನ್ನು ಓದುಗನೇ ಹುಡುಕಿಕೊಂಡು ಬರಬೇಕು, ಬರಲು ದಾರಿ ಇರಬೇಕು.

ಈ ದಾರಿಗೆ ದುಡ್ಡು ಬೇಕಿಲ್ಲ. ಒಂದು ಪುಸ್ತಕಕ್ಕೆ ಒಂದು ಪುಟ, ಯುನಿಕೋಡ್ ಕನ್ನಡದಲ್ಲಿ. ಫೇಸ್‌ಬುಕ್ ಗೋಡೆಯಲ್ಲಲ್ಲ, ಅಲ್ಲಿ ಹೊಸದು ಬಂದಂತೆ ಹಳೆಯದು ಕೆಳಗಿಳಿಯುತ್ತದೆ. ಬ್ಲಾಗಿನಲ್ಲೋ ಸ್ವಂತ ತಾಣದಲ್ಲೋ ಇರಲಿ. ನಿಮ್ಮ ಸಂಕಲನದ ಹೆಸರು ‘ಮಳೆ’ ಎಂದಿದ್ದರೆ ಹುಡುಕಿದವನಿಗೆ ಹವಾಮಾನ ವರದಿ ಸಿಗುತ್ತದೆ. ಪುಟದ ತಲೆಬರಹದಲ್ಲೇ ‘ಮಳೆ, ಕವನ ಸಂಕಲನ’ ಎಂದು ಬರೆದು ಪಕ್ಕದಲ್ಲಿ ನಿಮ್ಮ ಹೆಸರು ಹಾಕಿ. ಮುಖಪುಟದ ಚಿತ್ರ ಹಾಕಿದರೆ ಅದೇನು ಎಂದು ಅಕ್ಷರದಲ್ಲೂ ಬರೆಯಿರಿ. ಮೊದಲ ಅಧ್ಯಾಯವನ್ನೋ ಎರಡು ಕವಿತೆಯನ್ನೋ ಓದಲು ಬಿಡಿ. ಎಲ್ಲಿ ಕೊಳ್ಳಬೇಕು ಎಂದು ಸ್ಪಷ್ಟವಾಗಿ ಹೇಳಿ.

ಹೆಸರಿನ ವಿಷಯ ಒಂದಿದೆ. ‘ಕಾರಂತ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಕೊನೆಗೆ ‘ಎಚ್’ ಸೇರಿಸುತ್ತಾನೆ, ಇನ್ನೊಬ್ಬ ಬಿಡುತ್ತಾನೆ, ಮತ್ತೊಬ್ಬ ‘ಎ’ ಅಂಟಿಸುತ್ತಾನೆ. ಶಿವರಾಮ ಕಾರಂತರನ್ನು ಹೇಗೆ ಬರೆದರೂ ಯಂತ್ರ ಗುರುತಿಸೀತು. ನಿಮ್ಮನ್ನು? ಎಲ್ಲ ಕಡೆ ಕನ್ನಡದ ಹೆಸರು ಮೊದಲು, ಇಂಗ್ಲಿಷ್ ಬೇಕೇ ಬೇಕಾದರೆ ಒಂದೇ ಕಾಗುಣಿತ. ಒಬ್ಬರ ಪುಸ್ತಕದ ಬಗ್ಗೆ ಇನ್ನೊಬ್ಬರು ಬರೆದು ಕೊಂಡಿ ಕೊಡಿ, ಯಂತ್ರ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಾಹಿತಿಗಳ ಹೊಟ್ಟೆಕಿಚ್ಚಿಗೆ ಈ ವಿದ್ಯೆಯಲ್ಲಿ ಭಾರಿ ನಷ್ಟವಿದೆ! 2003ರಿಂದ ಕನ್ನಡ ವಿಕಿಪೀಡಿಯ ಇದೆ, ಅಲ್ಲಿ ದಯವಿಟ್ಟು ನಿಮ್ಮ ಬಗ್ಗೆ ನೀವೇ ಬರೆದುಕೊಳ್ಳಬೇಡಿ. ನಿಮ್ಮೂರಿನಲ್ಲಿ ತೀರಿಹೋದ ಒಳ್ಳೆಯ ಲೇಖಕರ ಬಗ್ಗೆ ಬರೆಯಿರಿ.

ವಚನಗಳನ್ನು ಪದ ಪದವಾಗಿ ಹುಡುಕುವಂತೆ ‘ವಚನ ಸಂಚಯ’ ಮಾಡಿದವರು ನಮ್ಮವರೇ ತಾನೇ? ಅಷ್ಟು ಸಾವಿರ ವಚನಗಳಿಗೆ ಸಾಧ್ಯವಾದದ್ದು ನಿಮ್ಮ ನೂರಿಪ್ಪತ್ತು ಪುಟಕ್ಕೆ ಸಾಧ್ಯವಿಲ್ಲವೇ?

ಇನ್ನು ಸರ್ಕಾರಕ್ಕೆ ನಮ್ಮ ಬೇಡಿಕೆ. ಸಗಟು ಖರೀದಿಗೆ ಅರ್ಜಿ ಹಾಕುವ ಪ್ರತಿ ಪುಸ್ತಕಕ್ಕೂ ಯುನಿಕೋಡ್ ಕನ್ನಡದ ವಿವರ ಪುಟ ಕಡ್ಡಾಯವಾಗಲಿ, ಆ ಪುಟಗಳನ್ನು ಇಲಾಖೆಯೇ ಜಾಲದಲ್ಲಿ ಎಲ್ಲರಿಗೂ ತೆರೆದಿಡಲಿ. ಜನರ ತೆರಿಗೆಯಲ್ಲಿ ಅಚ್ಚಾಗಿ ಚಿತ್ರದ ಪಿಡಿಎಫ್ ಆಗಿ ಮಲಗಿರುವ ಪುಸ್ತಕಗಳು ಓದುವ, ಹುಡುಕುವ ಅಕ್ಷರವಾಗಲಿ. ಈ ಎರಡು ಬೇಡಿಕೆ ಬರೆದು ನಿಮ್ಮ ಸಂಘದ ಲೆಟರ್‌ಹೆಡ್‌ನಲ್ಲಿ ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೂ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೂ ಕಳಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ನವೆಂಬರ್ ಒಂದರಂದು ಬಾವುಟ ಹಾರಿಸಿ ಮನೆಗೆ ಬಂದ ಮೇಲೆ ಅದೇ ಮೊಬೈಲ್ ಮತ್ತೆ ತೆಗೆಯಿರಿ, ಮೊದಲು ಹುಡುಕಿದ ಅದೇ ಕವಯಿತ್ರಿಯ ಹೆಸರು ಹೊಡೆಯಿರಿ. ಪುಟ ಸಿಗದಿದ್ದರೆ ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕೂತು ಮಾಡಿಕೊಟ್ಟು ಬನ್ನಿ.